ಮಗ್ಗದ ಮನೆಯಲ್ಲಿ ರೇಸ್ ಕಾರು

ಚಳ್ಳಕೆರೆಯಲ್ಲಿ ಮಿಡ್ ಇಂಜಿನ್ ಗಾಡಿಗಳಿಗೆ ಬರವಿಲ್ಲ. ಮಳೆಗೆ ಬರ, ಕೆರೆಗೆ ಬರ, ಶೇಂಗಾಕ್ಕೆ ನ್ಯಾಯದ ಬೆಲೆಯ ಬರ, ಇದೊಂದಕ್ಕಿಲ್ಲ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇಂಜಿನ್ ಕೂರಿಸಿ ಇಟಲಿಯವರು ಅದಕ್ಕೆ ಕೋಟಿಗಟ್ಟಲೆ ಬೆಲೆ ಹೇಳುತ್ತಾರೆ. ನಮ್ಮಲ್ಲಿ ಅದೇ ಏರ್ಪಾಟಿನ ಗಾಡಿ 1984ರಲ್ಲೇ ಬಂತು. ಆಗ ಮಾರುತಿ ವ್ಯಾನ್ ಅನ್ನುತ್ತಿದ್ದರು, ಆಮೇಲೆ ಓಮ್ನಿ ಆಯಿತು. ಇಂಜಿನ್ ಮುಂದಿನ ಸೀಟಿನ ಕೆಳಗೆ, ತಿರುಗುವುದು ಹಿಂದಿನ ಚಕ್ರ. ಏಪ್ರಿಲ್ ತಿಂಗಳಲ್ಲಿ ಓಮ್ನಿಯ ಮುಂದಿನ ಸೀಟಲ್ಲಿ ಕೂತು ಬಳ್ಳಾರಿಗೆ ಹೋಗಿ ಬಂದವರಿಗೆ ಇಂಜಿನ್ ಎಲ್ಲಿದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಟಾಟಾ ಏಸ್ ಕೂಡ ಅದೇ ಜಾತಿ, ಸೀಟು ಎತ್ತಿದರೆ ಇಂಜಿನ್. ನಮ್ಮೂರ ಟೊಮೆಟೊ, ಈರುಳ್ಳಿ, ಶಾಮಿಯಾನದ ಕಂಬ, ಜಾತ್ರೆಗೆ ಹೊರಟ ಅಜ್ಜಿಯರು ಎಲ್ಲ ಓಡಾಡುವುದು ಮಿಡ್ ಇಂಜಿನ್‌ನಲ್ಲೇ.

ಹಾಗಾಗಿ ಅಕ್ಕನ ಮಗ ಒಂದು ಹಳೇ ರೇಸ್ ಕಾರನ್ನು ಲಾರಿ ಮೇಲೆ ಹೇರಿಕೊಂಡು ಮೊಳಕಾಲ್ಮುರಿಗೆ ಬಂದು, “ಮಾವ, ಇದು ಮಿಡ್ ಇಂಜಿನ್ ಕಾರು, ಗೊತ್ತಾ?” ಅಂತ ಫೋನಿನಲ್ಲಿ ಕೂಗಿದಾಗ ನಾನು ಹೇಳಿದ್ದು “ಹೌದೇನೋ, ನಮ್ಮ ಬೀದೀಲಿ ನಾಕೈದಿವೆ” ಅಂತ. ಅವನಿಗೆ ಸಿಟ್ಟು ಬಂತು. ಭಾನುವಾರ ಹೋಗಿ ನೋಡಿದೆ.

ಗೌರವಕ್ಕೆ ಕಾರು ಅನ್ನಬೇಕು. ಉಕ್ಕಿನ ಕೊಳವೆಗಳನ್ನು ಬೆಸೆದ ಹಂದರ, ಅದರ ಮೇಲೆ ಅಲ್ಲಲ್ಲಿ ಬಿರಿದ ಫೈಬರ್ ಮೈ, ಎರಡು ಸೀಟು. ಬಾಗಿಲಿಲ್ಲ, ಚಾವಣಿ ಇಲ್ಲ. ಎತ್ತರ ನನ್ನ ಸೊಂಟಕ್ಕೂ ಬರದು. ಮದರಾಸಿನ ಹತ್ತಿರ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ ಮೇಲೆ ರೇಸು ನಡೆಯುತ್ತಿದ್ದ ದಿನಗಳಲ್ಲಿ ಇಂಥವಕ್ಕೆ ‘ಸ್ಪೆಷಲ್’ ಅಂತ ಹೆಸರು. ಆ ಶೋಲಾವರಂಗೆ ಬೆಂಗಳೂರಿನ ವಿಜಯ್ ಮಲ್ಯ ಎನ್‌ಸೈನ್ ಎಂಬ ಫಾರ್ಮುಲಾ ಒನ್ ಕಾರನ್ನೇ ತಂದು ಓಡಿಸಿದರು. ಕೊಯಮತ್ತೂರಿನ ಕರಿವರ್ಧನ್ ತಾವೇ ಕಾರು ಕಟ್ಟಿ ಓಡಿಸಿದರು. ಮುಂದೆ ಮಾರುತಿ 800ರ ಇಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಕೂರಿಸಿದ ಒಂಟಿ ಸೀಟಿನ ಕಾರುಗಳನ್ನು ಸಾಲಾಗಿ ಮಾಡಿ ಒಂದು ತಲೆಮಾರಿಗೆ ರೇಸು ಕಲಿಸಿದರು. ನಾರಾಯಣ್ ಕಾರ್ತಿಕೇಯನ್ ಶುರುಮಾಡಿದ್ದು ಫಾರ್ಮುಲಾ ಮಾರುತಿಯಲ್ಲೇ. ಅಷ್ಟೆಲ್ಲ ದುಡ್ಡಿಲ್ಲದವರು ಫಿಯೆಟ್, ಹೆರಾಲ್ಡ್ ಕಾರುಗಳ ಒಳಗಿನ ಸಾಮಾನು ಬಿಚ್ಚಿ, ಸಂಜೆ ಹೊತ್ತು ಗ್ಯಾರೇಜಿನ ಹಿತ್ತಲಲ್ಲಿ ತಮ್ಮ ಕೈಯಲ್ಲಾದದ್ದು ಕಟ್ಟಿಕೊಂಡರು. ನಮ್ಮ ಹುಡುಗ ತಂದದ್ದು ಈ ಹಿತ್ತಲಿನ ಪೈಕಿಯದು. ಫಿಯೆಟ್ 1100ರ ಇಂಜಿನ್, ಅದರ ಹಿಂದೆ ಫೋಕ್ಸ್‌ವ್ಯಾಗನ್ ಬೀಟಲ್‌ನ ಗೇರ್ ಬಾಕ್ಸು. ಕಟ್ಟಿದವನ ಹೆಸರು ಎಲ್ಲೂ ಬರೆದಿರಲಿಲ್ಲ.

ಇಂಜಿನ್ ಸತ್ತಿತ್ತು. ಯಾವ ಕಾಲದಲ್ಲೋ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನ ಪಕ್ಕವನ್ನು ಒಡೆದುಕೊಂಡು ಆಚೆ ಬಂದಿತ್ತು. ತೂತಿನಲ್ಲಿ ಕೈ ಹಾಕಿದರೆ ಕ್ರ್ಯಾಂಕು ಸಿಗುತ್ತಿತ್ತು. ಭಾವನವರದು ರೇಷ್ಮೆ ಸೀರೆ ನೇಯ್ಗೆ. ಮನೆಯ ಉದ್ದದ ಪಡಸಾಲೆಯಲ್ಲಿ ಮಗ್ಗಗಳು, ಒಂದು ಮಗ್ಗ ಎತ್ತಿಟ್ಟು ಖಾಲಿಯಾದ ಜಾಗದಲ್ಲಿ ಈಗ ಕಾರು. ಅಕ್ಕ ಒಂದೇ ಮಾತು ಆಡಿದಳು. “ಇದಕ್ಕೆ ಸುರಿದ ದುಡ್ಡಿಗೆ ಎರಡು ಎಮ್ಮೆ ಬರ್ತಿದ್ವು. ಅವು ಮನೇಗೆ ಬರೋವಾಗ ನಡಕೊಂಡಾದ್ರೂ ಬರ್ತಿದ್ವು.”

ಯಾವ ಇಂಜಿನ್ ಹಾಕುವುದು? ನಮ್ಮ ಕಡೆ ಈ ಪ್ರಶ್ನೆಯನ್ನು ಯಾರ ಮುಂದೆ ಇಟ್ಟರೂ ಉತ್ತರ ತಯಾರಿರುತ್ತದೆ, ಯಾಕೆಂದರೆ ಇಂಜಿನ್ ಬದಲಾಯಿಸುವುದು ಇಲ್ಲಿ ಹೊಸ ವಿದ್ಯೆಯಲ್ಲ. ಚಳ್ಳಕೆರೆ ಎಣ್ಣೆ ಊರು. ಗಾಣಕ್ಕೆ ಮೊದಲು ಎತ್ತು ಕಟ್ಟಿದ್ದರು, ಆಮೇಲೆ ಟುಕುಟುಕು ಅನ್ನುವ ಆಯಿಲ್ ಇಂಜಿನ್ ಬಂತು, ಆಮೇಲೆ ಕರೆಂಟು ಮೋಟಾರು. ಡೀಸೆಲ್ ಅಗ್ಗವಿದ್ದ ಕಾಲದಲ್ಲಿ ಪೆಟ್ರೋಲ್ ಜೀಪಿಗೆ, ಅಂಬಾಸಿಡರಿಗೆ ಡೀಸೆಲ್ ಇಂಜಿನ್ ಕೂರಿಸಿಕೊಂಡು ಬಂದವರು ಎಷ್ಟೋ ಮಂದಿ. ಕಂಪನಿಗಳೂ ಅದನ್ನೇ ಮಾಡಿವೆ. ಹಿಂದೂಸ್ತಾನ್ ಮೋಟರ್ಸ್‌ನವರು ಕಾಂಟೆಸ್ಸಾದಂಥ ದೊಡ್ಡ ಮೈಗೆ ಮೊದಲು ಅಂಬಾಸಿಡರಿನ 1.5 ಲೀಟರ್ ಇಂಜಿನ್ನನ್ನೇ ಹಾಕಿದರು. ಅದು ಏರಿನಲ್ಲಿ ಏದುಸಿರು ಬಿಟ್ಟಮೇಲೆ ಜಪಾನಿನ ಇಸುಜು 1.8 ತಂದು ಕೂರಿಸಿದರು. ಕಾಂಟೆಸ್ಸಾಗೆ ಜೀವ ಬಂದದ್ದು ಆವಾಗ.

ಹೀಗಾಗಿ ಮೊಳಕಾಲ್ಮುರಿನ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಿಂದ ಹಿಡಿದು ಚಳ್ಳಕೆರೆಯ ಮಂಡಿಯವರೆಗೆ ಸಲಹೆಗಳು ಬಂದವು. ಡೀಸೆಲ್ ಹಾಕಿ, ಮೈಲೇಜ್ ಬರ್ತದೆ ಅಂದರು. ರೇಸ್ ಕಾರಿಗೆ ಮೈಲೇಜು! ಬ್ಯಾಟರಿ ಹಾಕಿ, ಮುಂದಿನ ಕಾಲ ಅದೇ ಅಂದರು. ಆ ಕೊಳವೆಗಳ ನಡುವೆ ಬ್ಯಾಟರಿಗೆ ಜಾಗವಿಲ್ಲ, ಇದ್ದರೂ ತೂಕ ತಡೆಯದು. ಅದನ್ನು ಅಲ್ಲಿಗೇ ಬಿಟ್ಟೆವು. ಹುಡುಗನ ಗೆಳೆಯರು ಸುಜುಕಿ ಹಯಬುಸಾ ಬೈಕಿನ ಇಂಜಿನ್ ಅಂದರು. 1,340 ಸಿಸಿ, ಎಚ್‌ಪಿ ನೂರೆಪ್ಪತ್ತರ ಮೇಲೆ, ಗೇರ್ ಬಾಕ್ಸು ಅದರೊಳಗೇ ಇದೆ. ಆದರೆ ಬೈಕಿಗೆ ರಿವರ್ಸ್ ಇರುವುದಿಲ್ಲ. ಬೀಟಲ್ ಗೇರ್ ಬಾಕ್ಸನ್ನು ಕಿತ್ತು ಬಿಸಾಕಿ, ಚೈನಿಗೆ ಬೇರೆ ಡಿಫರೆನ್ಷಿಯಲ್ ಹುಡುಕಿ, ಹಂದರದ ಹಿಂಭಾಗವನ್ನೇ ಕೊಯ್ದು ಹೊಸದಾಗಿ ಬೆಸೆಯಬೇಕು. ಅಷ್ಟು ಮಾಡಿದಮೇಲೆ ಆ ಹಳೇ ಕಾರಿನದು ಉಳಿಯುವುದು ಬಿರಿದ ಫೈಬರ್ ಮಾತ್ರ.

ಇಲ್ಲಿ ಒಂದು ಹಳೇ ಕತೆ ನೆನಪಿಸಿಕೊಳ್ಳಬೇಕು. ರೇಸ್ ಕಾರಿನಲ್ಲಿ ಇಂಜಿನ್ ನಡುವೆ ಬಂದು ನೆಲೆಯೂರಿದ್ದು ದೊಡ್ಡ ಶಾಸ್ತ್ರದಿಂದೇನಲ್ಲ. 1946ರಲ್ಲಿ, ಯುದ್ಧ ಮುಗಿದ ಬಡತನದಲ್ಲಿ, ಇಂಗ್ಲೆಂಡಿನ ಚಾರ್ಲ್ಸ್ ಕೂಪರ್ ಮತ್ತು ಅವರ ಮಗ ಜಾನ್ ಎರಡು ಫಿಯೆಟ್ ಟೊಪೊಲಿನೊ ಕಾರುಗಳ ಮುಂದಿನ ಅರ್ಧಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಒಂದು ಕಾರು ಕಟ್ಟಿದರು. ಇಂಜಿನ್ ಜೆಎಪಿ ಕಂಪನಿಯ ಮೋಟರ್‌ಸೈಕಲ್ಲಿನದು. ಅದರ ಶಕ್ತಿ ಚೈನಿನ ಮೂಲಕ ಹಿಂದಿನ ಚಕ್ರಕ್ಕೆ ಹೋಗಬೇಕು, ಆದ್ದರಿಂದ ಚಕ್ರದ ಹತ್ತಿರವೇ ಇಟ್ಟರು. ಕಾರಣ ಇಷ್ಟೇ. ಇಟ್ಟಮೇಲೆ ಕಂಡುಬಂದದ್ದು ಬೇರೆ: ಭಾರವೆಲ್ಲ ನಡುವೆ ಒಟ್ಟಾಗಿರುವುದರಿಂದ ಕಾರು ತಿರುವಿನಲ್ಲಿ ಥಟ್ಟನೆ ತಿರುಗುತ್ತದೆ. ಬಂಡಿಯ ಮುಂದೆ ಕುದುರೆ ಇರಬೇಕು, ಹಿಂದಲ್ಲ ಅಂತ ಎಂಜೊ ಫೆರಾರಿ ಗೊಣಗಿದರಂತೆ. 1958ರ ಅರ್ಜೆಂಟೀನಾ ಗ್ರಾನ್ ಪ್ರಿಯನ್ನು ಸ್ಟರ್ಲಿಂಗ್ ಮಾಸ್ ಕೂಪರ್ ಕಾರಿನಲ್ಲೇ ಗೆದ್ದರು. 1959 ಮತ್ತು 1960ರಲ್ಲಿ ಜಾಕ್ ಬ್ರಾಭಮ್ ಅದರಲ್ಲೇ ವಿಶ್ವ ಚಾಂಪಿಯನ್ ಆದರು. 1961ಕ್ಕೆ ಫೆರಾರಿಯವರ ಕುದುರೆಗಳೂ ಹಿಂದಕ್ಕೆ ಬಂದವು.

ನನಗೆ ಅದಕ್ಕಿಂತ ಇಷ್ಟವಾದ ಕತೆ 1955ರ ಕೂಪರ್ ಟಿ39 ಎಂಬ ಮಿಡ್ ಇಂಜಿನ್ ಕಾರಿನದು. ಅದರೊಳಗಿದ್ದದ್ದು ಕೊವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯ 1,098 ಸಿಸಿ ಇಂಜಿನ್. ಅದರ ಹುಟ್ಟು ರೇಸಿಗಲ್ಲ, ಬೆಂಕಿ ಆರಿಸುವ ನೀರಿನ ಪಂಪಿಗೆ! ಜನ ಕೈಯಲ್ಲೇ ಎತ್ತಿಕೊಂಡು ಓಡುವಷ್ಟು ಹಗುರ ಇರಬೇಕು, ನೀರು ಮಾತ್ರ ಜೋರಾಗಿ ಎತ್ತಬೇಕು ಅಂತ ಇಂಗ್ಲೆಂಡಿನ ಸರ್ಕಾರ ಕೇಳಿತ್ತು. ಕಂಪನಿಯವರು ಅಲ್ಯೂಮಿನಿಯಂನಲ್ಲಿ ಪುಟ್ಟ ಇಂಜಿನ್ ಎರಕ ಹೊಯ್ದರು. ಹಗುರವಾಗಿಯೂ ಇದೆ, ಚೆನ್ನಾಗಿಯೂ ತಿರುಗುತ್ತದೆ ಅಂತ ರೇಸಿನವರು ಮುಗಿಬಿದ್ದರು. ಅದೇ ಕೂಪರ್ ಕಾರಿಗೆ ಗೇರ್ ಬಾಕ್ಸ್ ಬಂದದ್ದು ಮುಂದಿನ ಚಕ್ರ ತಿರುಗಿಸುವ ಸಿಟ್ರೊಯೆನ್ ಎಂಬ ಫ್ರೆಂಚ್ ಕಾರಿನಿಂದ. ಅದನ್ನು ಹಿಂದುಮುಂದು ಮಾಡಿ ಹಾಕಿದರು. ಪಂಪ್‌ಸೆಟ್ಟಿನ ಊರಿನವನಾದ ನಾನು ಈ ಕತೆಯನ್ನು ಹುಡುಗನಿಗೆ ಹೇಳಿದ್ದು ಸ್ವಲ್ಪ ಹೆಮ್ಮೆಯಿಂದಲೇ. ಅವನು ಅರ್ಥ ಮಾಡಿಕೊಂಡದ್ದು ಬೇರೆ: “ಅಂದ್ರೆ ಕಿರ್ಲೋಸ್ಕರ್ ಹಾಕು ಅಂತೀರಾ ಮಾವ?”

ಅವನ ಮನಸ್ಸು ಹೋಂಡಾ ಸಿಟಿ ಮೇಲಿತ್ತು. 2000ದಲ್ಲಿ ಬಂದ ವಿಟೆಕ್ ಸಿಟಿ, 1.5 ಲೀಟರ್, 106 ಎಚ್‌ಪಿ. ಆ ಕಾಲದ ಹುಡುಗರ ಕನಸಿನ ಕಾರು ಅದು, ಈಗ ಗುಜರಿಯಲ್ಲಿ ಇಂಜಿನ್ ಸಿಗುತ್ತದೆ. ಸತ್ತ ಫಿಯೆಟ್ ಇಂಜಿನ್ 1,089 ಸಿಸಿಯದು, ಹೊಸದಿದ್ದಾಗ ನಲವತ್ತು ಎಚ್‌ಪಿಯ ಆಸುಪಾಸು. ನಲವತ್ತರಿಂದ ನೂರಾ ಆರಕ್ಕೆ ಹಾರುವುದೆಂದರೆ ಯಾರಿಗೆ ಬೇಡ? ಅವನನ್ನು ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿರುವ ಮೇಸ್ತ್ರಿಯ ಹತ್ತಿರ ಕರಕೊಂಡು ಹೋದೆ. ಅದಿರು ಲಾರಿಗಳ ಗೇರ್ ಬಾಕ್ಸ್ ಇಳಿಸಿ ಏರಿಸಿ ಮುಂಗೈ ಗಟ್ಟಿಯಾದ ಮನುಷ್ಯ. ನಾನು ರಿಟೈರಾಗಿ ಬಹಳ ದಿನವಾದರೂ ನನ್ನನ್ನು ಇನ್ನೂ ಮೇಷ್ಟ್ರೇ ಅನ್ನುತ್ತಾನೆ.

ಮೇಸ್ತ್ರಿ ಕೇಳಿದ ಮೊದಲ ಪ್ರಶ್ನೆ ಎಚ್‌ಪಿ ಎಷ್ಟು ಅಂತಲ್ಲ. “ಇಂಜಿನ್ ಯಾವ ಕಡೆ ತಿರುಗ್ತದೆ?”

ಹುಡುಗನಿಗೆ ಇದು ಪ್ರಶ್ನೆ ಅಂತಲೇ ಅನ್ನಿಸಲಿಲ್ಲ. ಮೇಸ್ತ್ರಿ ನೆಲದ ಧೂಳಿನಲ್ಲಿ ಬೆರಳಿಂದ ಗೀಚಿ ತೋರಿಸಿದ. ಬೀಟಲ್ ಕಾರಿನಲ್ಲಿ ಇಂಜಿನ್ ಬಾಲದ ತುದಿಯಲ್ಲಿರುತ್ತದೆ, ಗೇರ್ ಬಾಕ್ಸ್ ಅದರ ಮುಂದೆ. ಈ ರೇಸ್ ಕಾರಿನಲ್ಲಿ ಇಂಜಿನ್ ಮುಂದೆ, ಗೇರ್ ಬಾಕ್ಸ್ ಹಿಂದೆ. ಅಂದರೆ ಇಡೀ ಜೋಡಿಯನ್ನು ಹಿಂದುಮುಂದು ಮಾಡಿದಂತಾಯಿತು. ಹಾಗೇ ಜೋಡಿಸಿದರೆ ನಾಲ್ಕು ಗೇರು ಹಿಂದಕ್ಕೆ ಓಡಿಸುತ್ತವೆ, ರಿವರ್ಸ್ ಒಂದು ಮುಂದಕ್ಕೆ ಓಡಿಸುತ್ತದೆ. ಅದಕ್ಕೆ ಗೇರ್ ಬಾಕ್ಸ್ ಬಿಚ್ಚಿ ಒಳಗಿನ ಕ್ರೌನ್ ವೀಲನ್ನು ಎಡದಿಂದ ಬಲಕ್ಕೆ ಮಗುಚಿ ಹಾಕಬೇಕು. ಹೆಸರಿಲ್ಲದ ಆ ಪುಣ್ಯಾತ್ಮ ಅದನ್ನು ಆಗಲೇ ಮಾಡಿಟ್ಟಿದ್ದ. ಲೋಟಸ್ ಕಂಪನಿ 1966ರ ಯುರೋಪಾ ಕಾರಿಗೆ ರೆನೋ 16ರ ಇಂಜಿನ್ ಮತ್ತು ಗೇರ್ ಬಾಕ್ಸ್ ತಿರುಗಿಸಿ ಹಾಕಿದಾಗ ಮಾಡಿದ್ದೂ ಇದೇ ಉಪಾಯ.

ಈಗ ಹೋಂಡಾ. ಲೋಕದ ಹೆಚ್ಚಿನ ಕಾರಿನ ಇಂಜಿನ್ನುಗಳು ಪುಲ್ಲಿಯ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳು ಹೋದ ಹಾಗೆ ತಿರುಗುತ್ತವೆ. ಹೋಂಡಾದವರು ಹಳೇ ಡಿ ಸರಣಿಯ ಇಂಜಿನ್ನುಗಳನ್ನು ಅದಕ್ಕೆ ಉಲ್ಟಾ ತಿರುಗುವಂತೆ ಮಾಡಿದ್ದರು, ಆ ಸಿಟಿಯದೂ ಅದೇ ಸರಣಿ. ಮಗುಚಿಟ್ಟ ಗೇರ್ ಬಾಕ್ಸಿಗೆ ಉಲ್ಟಾ ತಿರುಗುವ ಇಂಜಿನ್ ಕಚ್ಚಿಸಿದರೆ ಮತ್ತೆ ನಾಲ್ಕು ಗೇರು ಹಿಂದಕ್ಕೆ. ಹುಡುಗ ಒಂದು ಗಳಿಗೆ ಸುಮ್ಮನಿದ್ದು ಕಣ್ಣರಳಿಸಿದ. ಕ್ರೌನ್ ವೀಲನ್ನು ಮೊದಲಿದ್ದ ಹಾಗೇ ಹಾಕಿಬಿಟ್ಟರೆ? ಮೈನಸ್ಸಿಗೆ ಮೈನಸ್ ಪ್ಲಸ್. ನಾನು ಕಲಿಸಿದ ಲೆಕ್ಕವೇ. ಮೇಸ್ತ್ರಿ ತಲೆಯಾಡಿಸಿದ. ಚಕ್ರವೇನೋ ಮುಂದಕ್ಕೆ ತಿರುಗುತ್ತದೆ, ಆದರೆ ಗೇರ್ ಬಾಕ್ಸಿನ ಒಳಗೆ ಎಲ್ಲವೂ ಉಲ್ಟಾ. ಗೇರಿನ ಹಲ್ಲು ಓರೆಯಾಗಿ ಕಡಿದದ್ದು. ಅದು ಒತ್ತಬೇಕಾದ ಬೇರಿಂಗ್ ಒಂದು, ಒತ್ತುವುದು ಇನ್ನೊಂದು. ಕ್ರೌನು ಪಿನಿಯನ್ನಿನ ಹಲ್ಲಿಗೂ ಭಾರ ಹೊರುವ ಮುಖ ಬೇರೆ, ಹೊರದ ಮುಖ ಬೇರೆ. “ನಲವತ್ತು ಎಚ್‌ಪಿಗೆ ಮಾಡಿದ ಪೆಟ್ಟಿಗೆಗೆ ನೂರಾ ಆರು ಕೊಡ್ತೀರ, ಅದೂ ಹಿಂದಗಡೆಯಿಂದ. ಎಷ್ಟ್ ದಿನ ಬಾಳ್ತದೆ ಮೇಷ್ಟ್ರೇ?”

ಹೋಂಡಾ ಅಲ್ಲಿಗೆ ಮುಗಿಯಿತು. ಅಳಿಯ ಟೀ ಕುಡಿಯಲಿಲ್ಲ.

ಇಷ್ಟರ ಮಧ್ಯೆ ನಮ್ಮ ತಲೆಯ ಮೇಲೇ ಒಂದು ಇಂಜಿನ್ ಬದಲಾವಣೆಯ ಕತೆ ನಡೆದುಹೋಗಿದೆ. ಬಹಳ ಜನ ಅದನ್ನು ಗಮನಿಸಿಲ್ಲ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯವಿದೆ. ಒಂದು ಕಾಲಕ್ಕೆ ಅದು ಅಮೃತಮಹಲ್ ದನಗಳ ಹುಲ್ಲುಗಾವಲು. ಹೈದರಾಲಿ ಆ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ಸೈನ್ಯ ಸಾಗಿಸಿದ ಎಂದು ಗೆಜೆಟಿಯರಿನಲ್ಲಿದೆ. ಫಿರಂಗಿ ಎಳೆಯುವುದಕ್ಕೆ ಅವಕ್ಕಿಂತ ಒಳ್ಳೇ ಇಂಜಿನ್ ಆಗ ಯಾರ ಬಳಿಯೂ ಇರಲಿಲ್ಲ. 2016ರ ನವೆಂಬರಿನಲ್ಲಿ ಇಲ್ಲಿಂದ ರುಸ್ತುಂ-2 ಎಂಬ ಪೈಲಟ್ ಇಲ್ಲದ ವಿಮಾನ ಮೊದಲ ಸಲ ಹಾರಿತು. ಅದಕ್ಕೆ ತಪಸ್ ಎಂದೂ ಹೆಸರು. ಎರಡು ಟನ್ ತೂಕ, ಎರಡು ಇಂಜಿನ್. 2018ರ ಫೆಬ್ರವರಿ 25ರಂದು ಮತ್ತೆ ಹಾರಿಸಿ, ಹೆಚ್ಚು ಶಕ್ತಿಯ ಇಂಜಿನ್ ಹಾಕಿದಮೇಲೆ ಇದು ಮೊದಲ ಹಾರಾಟ ಅಂತ ಡಿಆರ್‌ಡಿಒ ಹೇಳಿತು. ತಪಸ್‌ಗೆ ಹಾಕಿದ್ದು ಆಸ್ಟ್ರಿಯಾ ದೇಶದ ಆಸ್ಟ್ರೊ ಕಂಪನಿಯ ಡೀಸೆಲ್ ಇಂಜಿನ್ನುಗಳು. ಅವುಗಳ ಮೂಲ ಯಾವುದು ಗೊತ್ತೇ? ಮರ್ಸಿಡಿಸ್ ಬೆಂಜ್ ಎ ಕ್ಲಾಸ್ ಕಾರಿನ ಎರಡು ಲೀಟರ್ ಡೀಸೆಲ್. ಕಾರಿನ ಇಂಜಿನ್ ತಾಲ್ಲೂಕಿನ ಮೇಲೆ ಗಿರಕಿ ಹೊಡೆಯುತ್ತಿತ್ತು, ನಾವು ಕೆಳಗೆ ಕಾರಿಗೆ ಯಾವ ಇಂಜಿನ್ ಅಂತ ತಲೆ ಕೆರೆದುಕೊಳ್ಳುತ್ತಿದ್ದೆವು.

ಇಂಜಿನ್ ದೊಡ್ಡದಾದಮೇಲೆ ತಪಸ್ ಗೆದ್ದಿತೇ ಅಂದರೆ, ಪೂರ್ತಿ ಇಲ್ಲ. ಸೈನ್ಯ ಕೇಳಿದ್ದು 30,000 ಅಡಿ ಎತ್ತರ, 24 ತಾಸು. ಅದು ಮುಟ್ಟಿದ್ದು 28,000 ಅಡಿ, 18 ತಾಸು. ಅಂದುಕೊಂಡದ್ದಕ್ಕಿಂತ ಮೈ ಭಾರ ಬಹಳ ಹೆಚ್ಚಿತ್ತು ಅಂತ ಪತ್ರಿಕೆಗಳು ಬರೆದವು. 2019ರ ಸೆಪ್ಟೆಂಬರ್ 17ರಂದು ಒಂದು ಜೋಡಿಚಿಕ್ಕೇನಹಳ್ಳಿಯ ಹತ್ತಿರ ಬಿತ್ತು, ಸುತ್ತಲಿನ ಜನ ಓಡಿಬಂದು ಮೊಬೈಲ್ ಹಿಡಿದರು. 2023ರ ಆಗಸ್ಟಿನಲ್ಲಿ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯಲ್ಲಿ. 2024ರ ಆರಂಭಕ್ಕೆ ಆ ಯೋಜನೆಯನ್ನು ಮೊದಲಿನ ರೂಪದಲ್ಲಿ ಮುಚ್ಚಿದ ಸುದ್ದಿ ಬಂತು. ಅದೇ ರನ್‌ವೇ ಮೇಲೆ ಇಸ್ರೊದ ರೆಕ್ಕೆಯ ವಾಹನ ಪುಷ್ಪಕ್ 2024ರ ಜೂನ್ 23ರಂದು ಗಂಟೆಗೆ 320 ಕಿಲೋಮೀಟರ್ ವೇಗದಲ್ಲಿ ಇಳಿದು, ಪ್ಯಾರಾಚೂಟ್ ಬಿಚ್ಚಿ ನಿಂತಿತು. ಹೆಲಿಕಾಪ್ಟರಿನಿಂದ ಬಿಟ್ಟಮೇಲೆ ಅದನ್ನು ನೂಕುವ ಇಂಜಿನ್ನೇ ಇರಲಿಲ್ಲ. ನಮ್ಮ ತಾಲ್ಲೂಕಿನ ನೆಲ ಮುಟ್ಟಿದವುಗಳಲ್ಲಿ ಇದಕ್ಕಿಂತ ವೇಗದ ಗಾಡಿ ನನಗೆ ಗೊತ್ತಿಲ್ಲ.

ತಪಸ್‌ನ ಭಾರದ ಕತೆಯಿಂದ ತೂಕ ಅನ್ನುವುದು ಮನಸ್ಸಿಗೆ ಹೊಕ್ಕಿತು. ಮಂಡಿಯಲ್ಲಿ ಶೇಂಗಾ ಚೀಲ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿಗಳನ್ನು ಪರಿಚಯದವರಿಂದ ಕೇಳಿ ತಂದು, ಮೊಳಕಾಲ್ಮುರಿನ ಪಡಸಾಲೆಯಲ್ಲಿ ಕಾರಿನ ನಾಲ್ಕು ಚಕ್ರಗಳ ಕೆಳಗೂ ಒಂದೊಂದು ಇಟ್ಟೆವು. ವಿದೇಶದ ರೇಸಿನವರು ಇದಕ್ಕೇ ದುಬಾರಿ ಯಂತ್ರ ಇಟ್ಟುಕೊಳ್ಳುತ್ತಾರೆ. ಸತ್ತ ಇಂಜಿನ್ನೂ ಸೇರಿ ಕಾರಿನ ತೂಕ ಐನೂರು ಕಿಲೋದ ಒಳಗೇ ನಿಂತಿತು. ಅದರಲ್ಲಿ ಹತ್ತಿರ ಹತ್ತಿರ ಅರವತ್ತು ಪಾಲು ಹಿಂದಿನ ಚಕ್ರಗಳ ಮೇಲೆ. ಫಿಯೆಟ್ ಬ್ಲಾಕ್ ಎರಕದ ಕಬ್ಬಿಣದ್ದು. ಇನ್ನೂ ಭಾರದ್ದು ತಂದು ಹಿಂದೆ ಕೂರಿಸಿದರೆ ಮುಂದಿನ ಚಕ್ರ ಹಗುರಾಗುತ್ತದೆ, ತಿರುವಿನಲ್ಲಿ ಮೂತಿ ಹೇಳಿದ ಮಾತು ಕೇಳುವುದಿಲ್ಲ. ಮಿಡ್ ಇಂಜಿನ್ ಕಾರಿನ ಗುಣವೇ ಅಂಥದ್ದು: ಬೇಗ ತಿರುಗುತ್ತದೆ, ಹಿಡಿತ ತಪ್ಪಿದರೆ ಅಷ್ಟೇ ಬೇಗ ಬುಗುರಿಯಾಗುತ್ತದೆ, ಮುನ್ಸೂಚನೆ ಕೊಡುವುದಿಲ್ಲ. ಎಚ್‌ಪಿ ಹೆಚ್ಚಿಸುವುದಕ್ಕಿಂತ ಹತ್ತು ಕಿಲೋ ಇಳಿಸುವುದು ಇಲ್ಲಿ ದೊಡ್ಡ ಲಾಭ.

ಭಾವ ಇಷ್ಟೂ ಹೊತ್ತು ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದರು. ಮೊಳಕಾಲ್ಮುರು ಸೀರೆಗೆ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಅದಕ್ಕೆ ಮೂರು ಲಾಳಿ ಬೇಕು, ಅಂಚಿನ ಹತ್ತಿರ ಎಳೆಗೆ ಎಳೆ ಕಚ್ಚಿಸಬೇಕು. ಲಾಳಿ ಕೈಗೆತ್ತಿಕೊಂಡೇ ಅವರು ಒಂದು ಸಂಗತಿ ಹೇಳಿದರು. ಪವರ್‌ಲೂಮ್ ಬಂದ ಹೊಸತರಲ್ಲಿ ಮರದ ಕೈಮಗ್ಗಕ್ಕೇ ಒಂದು ಮೋಟಾರು ಕಟ್ಟಿಬಿಡೋಣ ಅಂತ ಹೊರಟವರಿದ್ದರಂತೆ. ಮೋಟಾರೇನೋ ಬಡಿಯಿತು, ಆದರೆ ಆ ಬಡಿತಕ್ಕೆ ಮರದ ಸಂದುಗಳು ಸಡಿಲಾದವು, ಹಾಸಿನ ರೇಷ್ಮೆ ಎಳೆಗಳು ಕಡಿದವು. “ಪವರ್‌ಲೂಮಿಗೆ ಚೌಕಟ್ಟೇ ಕಬ್ಬಿಣದ್ದು ಕಣಪ್ಪ. ಅದಕ್ಕೆ ತಕ್ಕ ನೂಲೂ ಬೇರೆ, ನೇಯೋ ಬಟ್ಟೇನೂ ಬೇರೆ. ನಿನ್ನ ಈ ಕೊಳವೆ ಎಷ್ಟು ಬಡಿತ ತಡೀತದೆ, ಅದು ನೋಡ್ಕೊ ಮೊದ್ಲು.” ಮಗ ತನ್ನ ಡಿಪ್ಲೊಮಾದ ಮಾತು ಏನೋ ಆಡಹೋದ. ಭಾವ ಆಗಲೇ ಲಾಳಿ ಎಸೆದಾಗಿತ್ತು.

ಆ ಮಧ್ಯಾಹ್ನವೇ ಹಂದರವನ್ನು ಪೂರ್ತಿ ನೋಡಿದೆವು. ಗೇರ್ ಬಾಕ್ಸ್ ಹಿಡಿದ ಜಾಗದಲ್ಲಿ ಹಳೇ ಬೆಸುಗೆಯೊಂದು ಕೂದಲೆಳೆಯಷ್ಟು ಬಿಟ್ಟಿತ್ತು, ನಲವತ್ತು ಎಚ್‌ಪಿಗೇ.

ಉಳಿದದ್ದು ಎರಡು ದಾರಿ. ಇನ್ನೊಂದು ಫಿಯೆಟ್ ಇಂಜಿನ್, ಅಂದರೆ ಪದ್ಮಿನಿಯದು, ತಂದು ಇದ್ದದ್ದನ್ನು ಇದ್ದ ಹಾಗೇ ಮಾಡುವುದು. ಅಥವಾ ಮಾರುತಿ ಜಿಪ್ಸಿಯ 1.3. ಜಿಪ್ಸಿ ಎಂದಾಗ ಮೇಸ್ತ್ರಿಯ ಮುಖ ಅರಳಿತು. ಕಾರಣಗಳನ್ನು ಅವನು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ, ಯಾಕೆಂದರೆ ನಾನಾಗಿದ್ದರೆ ಇದನ್ನು ತಲೆಕೆಳಗು ಮಾಡಿ ಎಚ್‌ಪಿಯಿಂದ ಶುರುಮಾಡುತ್ತಿದ್ದೆ. ತಿರುಗುವ ದಿಕ್ಕು ಸರಿಯಾಗಿದೆ. ಎಸ್ಟೀಮಿನಲ್ಲಿ ಇದೇ ವಂಶದ ಇಂಜಿನ್ ಅಡ್ಡಡ್ಡ ಕೂತಿರುತ್ತದೆ, ಜಿಪ್ಸಿಯಲ್ಲಿ ಉದ್ದುದ್ದ, ಹಿಂದಕ್ಕೆ ಗೇರ್ ಬಾಕ್ಸ್. ನಮಗೆ ಬೇಕಾದ್ದೂ ಅದೇ. ಬ್ಲಾಕು, ಹೆಡ್ಡು ಎರಡೂ ಅಲ್ಯೂಮಿನಿಯಂ, ಆದ್ದರಿಂದ ಫಿಯೆಟ್ಟಿಗಿಂತ ಹಗುರ. ಸಾಮಾನು ಚಿತ್ರದುರ್ಗದಲ್ಲೂ ಸಿಗುತ್ತದೆ, ಬಳ್ಳಾರಿಯಲ್ಲೂ ಸಿಗುತ್ತದೆ. ಕೊನೆಗೆ ಶಕ್ತಿ: ಕಾರ್ಬುರೇಟರಿನ ಎಂಟು ವಾಲ್ವಿನದು 60 ಎಚ್‌ಪಿ, 2000ದ ನಂತರ ಬಂದ ಹದಿನಾರು ವಾಲ್ವಿನ ಎಂಪಿಎಫ್‌ಐ 80. ಹುಡುಗ 80 ಅಂದ, ಮೇಸ್ತ್ರಿ 60 ಅಂದ. ನಾನು ಆ ಬಿಟ್ಟ ಬೆಸುಗೆಯನ್ನು ನೆನೆದು ಮೇಸ್ತ್ರಿಯ ಕಡೆ ಹೋದೆ. ಐನೂರು ಕಿಲೋದ ಒಳಗಿನ ಗಾಡಿಗೆ 60 ಎಚ್‌ಪಿ ಅಂದರೆ ಕಡಿಮೆಯಲ್ಲ. ಹಂದರ ಗಟ್ಟಿಮಾಡಿಕೊಂಡು, ಕೈಯೂ ಪಳಗಿದಮೇಲೆ, ಅದೇ ವಂಶದ ಹದಿನಾರು ವಾಲ್ವಿನದನ್ನು ಅದೇ ಜಾಗಕ್ಕೆ ಇಳಿಸಬಹುದು.

ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಬರುವ ಅಡಾಪ್ಟರ್ ಪ್ಲೇಟು ಮಾಡುವುದೇ ಇದರಲ್ಲಿ ಕಷ್ಟದ ಕೆಲಸ. ಸುಜುಕಿಯ ಬೋಲ್ಟುಗಳು ಒಂದು ಸುತ್ತು, ಫೋಕ್ಸ್‌ವ್ಯಾಗನ್ನಿನವು ಇನ್ನೊಂದು ಸುತ್ತು. ದಪ್ಪ ಅಲ್ಯೂಮಿನಿಯಂ ತಟ್ಟೆಯಲ್ಲಿ ಎರಡೂ ಸುತ್ತು ಕೊರೆಯಬೇಕು. ಕ್ರ್ಯಾಂಕಿನ ನಡುಬಿಂದು ಮತ್ತು ಗೇರ್ ಬಾಕ್ಸ್ ಶಾಫ್ಟಿನ ನಡುಬಿಂದು ಡಯಲ್ ಗೇಜಿನ ಮುಳ್ಳು ಅಲ್ಲಾಡದಷ್ಟು ಒಂದೇ ನೇರಕ್ಕೆ ಬರಬೇಕು. ಬರದಿದ್ದರೆ ಕ್ಲಚ್ಚು ನಡುಗುತ್ತದೆ, ಪೈಲಟ್ ಬೇರಿಂಗ್ ಹೋಗುತ್ತದೆ. ಪಂಪ್‌ಸೆಟ್ಟು, ಬೋರ್‌ವೆಲ್ಲುಗಳ ಪುಣ್ಯದಿಂದ ಚಳ್ಳಕೆರೆಯಲ್ಲಿ ಲೇತಿಗೂ ಟರ್ನರಿಗೂ ಕೊರತೆಯಿಲ್ಲ. ಜಿಪ್ಸಿಯ ಸಂಪು ಆಳ, ಈ ಕಾರು ನೆಲಕ್ಕೆ ತೀರ ಹತ್ತಿರ. ಸಂಪನ್ನು ಕೊಯ್ದು ಅಗಲ ಮಾಡಿ, ತಿರುವಿನಲ್ಲಿ ಆಯಿಲು ಒಂದು ಕಡೆಗೇ ನುಗ್ಗದ ಹಾಗೆ ಒಳಗೆ ತಡೆ ಬೆಸೆಯಬೇಕು. ಫಿಯೆಟ್ ಸತ್ತದ್ದೂ ಆಯಿಲ್ ಸಿಗದೆ ಅಂತ ಮೇಸ್ತ್ರಿಯ ಗುಮಾನಿ. ರೇಡಿಯೇಟರ್ ಮೂತಿಯಲ್ಲಿ, ಇಂಜಿನ್ ಬೆನ್ನಲ್ಲಿ. ನಡುವೆ ಉದ್ದದ ನೀರಿನ ಪೈಪು, ಅದರಲ್ಲಿ ಗಾಳಿ ಸಿಕ್ಕಿಕೊಂಡರೆ ನಮ್ಮ ಮೇ ತಿಂಗಳ ಬಿಸಿಲಿಗೆ ಹೆಡ್ಡು ಸೊಟ್ಟಗಾಗುವುದು ಖಂಡಿತ. ಗಾಳಿ ಬಿಡುವ ತಿರುಪನ್ನು ಪೈಪಿನ ಅತಿ ಎತ್ತರದ ಜಾಗದಲ್ಲೇ ಇಡಬೇಕು.

ಕಾನೂನಿನ ಮಾತನ್ನೂ ಆಡಿಬಿಡಬೇಕು, ಯಾಕೆಂದರೆ ಓಮ್ನಿಗೋ ಪದ್ಮಿನಿಗೋ ಹೀಗೆ ಮಾಡಲು ಹೊರಟವರು ಇದನ್ನು ಓದುತ್ತಿರಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ರಿಜಿಸ್ಟ್ರೇಷನ್ ಆದ ಗಾಡಿ ಕಂಪನಿ ಮಾಡಿಕೊಟ್ಟದ್ದಕ್ಕಿಂತ ಬೇರೆಯಾಗುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಖಡಾಖಂಡಿತವಾಗಿ ಹೇಳಿತು. ಇಂಜಿನ್ ಬದಲಿಸುವುದಿದ್ದರೆ ಆರ್‌ಟಿಒ ಒಪ್ಪಿಗೆ ಮೊದಲು. 2021ರ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ರಿಜಿಸ್ಟ್ರೇಷನ್ ಉಂಟು, ಹೊಸದಾಗಿ ಮಾಡಿಸಲು ಶುಲ್ಕ 20,000 ರೂಪಾಯಿ; ಆದರೆ ಅದು ಮೂಲ ರೂಪದಲ್ಲೇ ಇರಬೇಕು. ಬೇರೆ ಇಂಜಿನ್ ಹಾಕಿದ ಕಾರನ್ನು ತಳ್ಳಿಕೊಂಡು ಹೋಗಿ ವಿಂಟೇಜ್ ಅಂದರೆ ನಡೆಯದು. ನಮ್ಮದು ಹುಟ್ಟಿನಿಂದಲೇ ನಂಬರ್ ಇಲ್ಲದ ಕಾರು. ರಸ್ತೆಗೆ ಇಳಿಯುವಂತಿಲ್ಲ, ರೇಸಿನ ಟ್ರ್ಯಾಕಿಗೂ ಲಾರಿ ಮೇಲೇ ಹೋಗಬೇಕು. ಅಕ್ಕನಿಗೆ ಇದನ್ನು ಇನ್ನೂ ಹೇಳಿಲ್ಲ.

ಇಂಥದೊಂದು ಹಳೇ ಕಾರು ನಿಮ್ಮ ಕೈಗೂ ಬಂದರೆ, ಹಂದರಕ್ಕೆ ಗರಗಸ ಹಚ್ಚುವ ಮೊದಲು ತಕ್ಕಡಿ ತನ್ನಿ. ಹೊಸ ಇಂಜಿನ್ನಿನ ಹಿಡಿಕೆಗಳನ್ನು ಬೆಸೆಯಬೇಡಿ, ಬೋಲ್ಟ್ ಹಾಕಿ ಕೂರಿಸಿ. ಮುಂದೆ ಯಾರಾದರೂ ಬಿಚ್ಚಿ ಮೊದಲಿನದನ್ನು ಹಾಕುವ ಹಾಗಿರಲಿ. ಸತ್ತ ಇಂಜಿನ್ನನ್ನು ಗುಜರಿಗೆ ಕೊಡಬೇಡಿ, ಎಣ್ಣೆ ಸವರಿ ಒಂದು ಮೂಲೆಯಲ್ಲಿಡಿ, ತೂತಿದ್ದರೂ ಸರಿ. ಹಾಗೆಯೇ, ಶೋಲಾವರಂ ರೇಸಿಗೆ ಹೋಗುತ್ತಿದ್ದವರ ಮನೆಯಲ್ಲಿ ಹಳೇ ಫೋಟೊ ಆಲ್ಬಂ ಇದ್ದರೆ ದಯವಿಟ್ಟು ಒಮ್ಮೆ ತೆಗೆದು ನೋಡಿ. ಎರಡು ಸೀಟು, ಬಾಗಿಲಿಲ್ಲ, ಬೆನ್ನಲ್ಲಿ ಫಿಯೆಟ್ ಇಂಜಿನ್, ಅದರ ಹಿಂದೆ ಬೀಟಲ್ ಗೇರ್ ಬಾಕ್ಸು. ಅಂಥ ಕಾರಿನ ಪಕ್ಕ ಯಾರಾದರೂ ನಿಂತಿದ್ದರೆ ಅವರ ಹೆಸರು ನಮಗೆ ಬೇಕಾಗಿದೆ.